ಮಡಚುವ ಚಾಕು

ಜೇಬಿನಲ್ಲಿ ಯಾವಾಗಲೂ ಒಂದು ಚಾಕು ಇಟ್ಟುಕೊಂಡಿರುತ್ತೇನೆಂದರೆ ಈಚೆಗೆ ಜನ ನನ್ನನ್ನು ತುಸು ಅನುಮಾನದಿಂದಲೇ ನೋಡುತ್ತಾರೆ. ಕನ್ನಡಕ, ಕರವಸ್ತ್ರ, ಬಸ್ಸಿನ ಚಿಲ್ಲರೆ, ಇವುಗಳ ಜೊತೆಗೆ ಒಂದು ಮಡಚುವ ಚಾಕೂ ಇದ್ದರೆ ಅದರಲ್ಲಿ ವಿಶೇಷವೇನಿದೆಯೋ ನನಗಂತೂ ತಿಳಿಯದು. ಅದು ದಿನವಿಡೀ ಮಾಡುವ ಕೆಲಸವೆಂದರೆ ಇಷ್ಟು: ಬೆಳಿಗ್ಗೆ ಹಾಲಿನ ಪೊಟ್ಟಣದ ಮೂಲೆ ಕತ್ತರಿಸುವುದು, ಅಂಚೆಯ ಲಕೋಟೆ ಬಿಡಿಸುವುದು, ಮಲ್ಲಿಗೆ ಬಳ್ಳಿಗೆ ಕಟ್ಟುವ ಹುರಿ ತುಂಡು ಮಾಡುವುದು, ಮಧ್ಯಾಹ್ನ ಒಂದು ಸೀಬೆಹಣ್ಣು ಹೆಚ್ಚುವುದು, ಪೆನ್ಸಿಲ್ಲು ಕೆತ್ತುವುದು. ಇದುವರೆಗೆ ಅದು ಯಾರಿಗೂ ಹೆದರಿಕೆ ಹುಟ್ಟಿಸಿದ್ದಿಲ್ಲ.

ಮೂವತ್ತು ವರ್ಷಕ್ಕೂ ಹಿಂದೆ ಸಂತೆಯಲ್ಲಿ ಕೊಂಡ ಆ ಚಾಕುವಿನ ಅಲಗು ಸಾಣೆಗೆ ಸವೆದು ಸವೆದು ಹುಣಿಸೆ ಎಸಳಿನಂತಾಗಿದೆ. ರಿವೆಟ್ಟು ಸಡಿಲಾಗಿ ಅಲಗು ಅಲುಗುತ್ತದೆ. ಹೊಸದೊಂದನ್ನು ಕೊಳ್ಳಬೇಕೆಂದು ಹೊರಟಾಗ ಮಗಳು ತಡೆದಳು. "ಅಪ್ಪಾ, ಈ ವಯಸ್ಸಿನಲ್ಲಿ ಜೇಬಲ್ಲಿ ಚಾಕು ಯಾಕೆ ನಿಮಗೆ? ಮನೇಲಿ ಈಳಿಗೆಮಣೆ ಇಲ್ವಾ? ನಾಳೆ ಪೊಲೀಸರು ಹಿಡಿದು ಕೇಳಿದರೆ ಏನು ಹೇಳ್ತೀರಿ?" ಅವಳ ಪ್ರಶ್ನೆ ಅಪ್ರಯೋಜಕವೇನಲ್ಲ. ನಮ್ಮ ಮಾತಿನಲ್ಲಿ ಬೆನ್ನಿಗೆ ಹಾಕುವುದು ಚೂರಿ; ಹಣ್ಣು ಹೆಚ್ಚುವುದು ಚಾಕು. ಪರ್ಷಿಯನ್ನಿನಿಂದ ನಮಗೆ ಬಂದ ಈ ಸಾಧು ಶಬ್ದವೂ ಈಗ ಪತ್ರಿಕೆಗಳ ತಲೆಬರಹದಲ್ಲಿ 'ಇರಿತ'ದ ಜೊತೆಗೂಡಿಯೇ ಕಾಣಿಸಿಕೊಳ್ಳುತ್ತದೆ. ಪೇಟೆಯ ಅಂಗಡಿಗಳಲ್ಲಿ ನನಗೆ ತೋರಿಸಿದ ಚಾಕುಗಳೂ ಹಾಗೆಯೇ ಇದ್ದವು. ಕಪ್ಪು ಬಳಿದ ಅಲಗು, ಗರಗಸದ ಹಲ್ಲು, ಬೀಗ, ಬೆಲ್ಟಿಗೆ ಸಿಕ್ಕಿಸುವ ಕೊಕ್ಕೆ; ಕಮಾಂಡೋ ಒಬ್ಬನಿಗೆ ಬೇಕಾದ್ದೆಲ್ಲ ಇತ್ತು, ಸೀಬೆಹಣ್ಣು ಹೆಚ್ಚುವವನಿಗೆ ಬೇಕಾದ್ದು ಇರಲಿಲ್ಲ. ಜೇಬಿನ ಚಾಕು ಮೊದಲು ಏನಾಗಿತ್ತು, ಎಲ್ಲಿ ದಾರಿ ಬದಲಿಸಿತು ಎಂದು ತಿಳಿಯದೆ ಒಂದನ್ನು ಆರಿಸುವುದಾಗಲೀ ಮಗಳಿಗೆ ಉತ್ತರ ಹೇಳುವುದಾಗಲೀ ಸಾಧ್ಯವಿಲ್ಲವೆಂದು ನನಗೆ ಅನ್ನಿಸಿತು.

ಚಾಕುವನ್ನು ಮಡಚುವ ಯೋಚನೆ ಬಹಳ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ ಮೂಳೆಯ ಹಿಡಿಯ ಮಡಚು ಚಾಕುವೊಂದು ಸುಮಾರು ಕ್ರಿ.ಪೂ. 6ನೆಯ ಶತಮಾನದ್ದೆನ್ನುತ್ತಾರೆ. ರೋಮನ್ನರಲ್ಲಿ ಇದು ಸಾಮಾನ್ಯ ವಸ್ತು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿ ಕ್ರಿ.ಶ. 3ನೆಯ ಶತಮಾನದ ಒಂದು ಬೆಳ್ಳಿಯ ಸಾಧನವಿದೆ. ಅದರಲ್ಲಿ ಚಾಕು, ಚಮಚ, ಮುಳ್ಳುಚಮಚ, ಮೊನೆ, ಕಡ್ಡಿ ಎಲ್ಲವೂ ಮಡಚಿಕೊಳ್ಳುತ್ತವೆ. ಪ್ರವಾಸದಲ್ಲಿ ಊಟ ಮಾಡುವ ಯಾರೋ ಅನುಕೂಲಸ್ಥನದಿರಬೇಕು. ಈ ಹಳೆಯ ಮಡಚು ಚಾಕುಗಳಲ್ಲಿ ಸ್ಪ್ರಿಂಗಿಲ್ಲ, ಬೀಗವಿಲ್ಲ. ಹಿಡಿಯ ಸೀಳಿನಲ್ಲಿ ಅಲಗನ್ನು ಕೂರಿಸಿ ಒಂದು ಮೊಳೆ ಹೊಡೆದರೆ ಮುಗಿಯಿತು. ಅಲಗು ನಿಲ್ಲುವುದು ಬರೀ ಬಿಗಿತದಿಂದ ಮತ್ತು ಹಿಡಿದವನ ಬೆರಳಿನ ಒತ್ತಡದಿಂದ.

ಒರೆಯ ಕತ್ತಿಗೂ ಮಡಚುವ ಚಾಕುವಿಗೂ ಇರುವ ವ್ಯತ್ಯಾಸ ಕೇವಲ ರಚನೆಯದಲ್ಲ. ಕೊಡವರು ಕುಪ್ಯದ ಮೇಲೆ ಚೇಲೆ ಸುತ್ತಿ ಅದಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ನೋಡಿ. ಅದು ಎಲ್ಲರಿಗೂ ಕಾಣಬೇಕಾದದ್ದು, ಉಡುಪಿನ ಗೌರವದ ಭಾಗ. ಮಡಚುವ ಚಾಕು ಯಾರಿಗೂ ಕಾಣಬೇಕಾದ್ದಲ್ಲ. ಕೆಲಸ ಬಂದಾಗ ತೆರೆಯಬೇಕು, ಮುಗಿದ ಕೂಡಲೇ ಹರಿತವನ್ನು ತನ್ನ ಹಿಡಿಯೊಳಗೇ ಅಡಗಿಸಿಕೊಳ್ಳಬೇಕು.

ಈ ಸರಳ ಸಾಧನಕ್ಕೆ ಇಂದಿನ ರೂಪ ಕೊಟ್ಟ ಊರುಗಳಲ್ಲಿ ಮುಖ್ಯವಾದದ್ದು ಇಂಗ್ಲೆಂಡಿನ ಷೆಫೀಲ್ಡ್. ನೀರಿನ ರಭಸದ ಹೊಳೆಗಳು, ಸಾಣೆಗೆ ಒದಗುವ ಮರಳುಗಲ್ಲು ಅಲ್ಲಿದ್ದವು. ಹೊಳೆಯ ನೀರು ಚಕ್ರ ತಿರುಗಿಸುತ್ತಿತ್ತು, ಚಕ್ರ ಸಾಣೆಗಲ್ಲನ್ನು ತಿರುಗಿಸುತ್ತಿತ್ತು. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಅಲ್ಲಿನ ಚಾಕು ತಯಾರಕರ ಸಂಘ ಸ್ಥಾಪನೆಯಾಯಿತು. ಹಿಡಿಯ ಬೆನ್ನಿಗೆ ಒಂದು ಉಕ್ಕಿನ ಪಟ್ಟಿಯನ್ನು ಸ್ಪ್ರಿಂಗಾಗಿ ಅಳವಡಿಸುವ ರೀತಿ ಅದೇ ಶತಮಾನದಲ್ಲಿ ಅಲ್ಲಿ ನೆಲೆನಿಂತಿತು. ಅಲಗಿನ ಬುಡ ಚೌಕವಾಗಿರುತ್ತದೆ. ತೆರೆದಾಗ ಸ್ಪ್ರಿಂಗು ಆ ಚೌಕದ ಒಂದು ಮುಖವನ್ನು ಒತ್ತಿಹಿಡಿಯುತ್ತದೆ, ಮಡಚಿದಾಗ ಇನ್ನೊಂದು ಮುಖವನ್ನು. ನಡುವೆ ಯಾವ ಬೀಗವೂ ಇಲ್ಲ. ತೆರೆದ ಅಲಗು ತಾನಾಗಿ ಬೀಳುವುದಿಲ್ಲ. ಆದರೆ ಬೆನ್ನಿನ ಕಡೆಯಿಂದ ಒತ್ತಿದರೆ ಮಡಚಿಕೊಳ್ಳುತ್ತದೆ. ಆದ್ದರಿಂದ ಇದರಿಂದ ಕತ್ತರಿಸಬಹುದು, ಕೆತ್ತಬಹುದು, ಸುಲಿಯಬಹುದು. ತಿವಿಯಲು ಹೋದರೆ ಮೊದಲು ಕುಯ್ಯುವುದು ತಿವಿದವನ ಬೆರಳನ್ನೇ. ಮಗಳಿಗೆ ಕೊಡಬೇಕಾದ ಉತ್ತರದ ಅರ್ಧ ನನಗೆ ಇಲ್ಲಿಯೇ ಸಿಕ್ಕಿತು.

ಇಂಗ್ಲಿಷಿನವರು ಇದನ್ನು ಪೆನ್‌ನೈಫ್ ಎಂದದ್ದು ಸುಮ್ಮನಲ್ಲ. ಬಾತುಕೋಳಿಯ ಗರಿಯನ್ನು ಲೇಖನಿಯಾಗಿ ಸೀಳಲು, ಬರೆದು ಬರೆದು ಮೊಂಡಾದ ತುದಿಯನ್ನು ಮತ್ತೆ ಮತ್ತೆ ಚೂಪು ಮಾಡಲು ಬರೆಯುವ ಪ್ರತಿಯೊಬ್ಬನಿಗೂ ಒಂದು ಪುಟ್ಟ ಚಾಕು ಬೇಕಿತ್ತು. ಗುಮಾಸ್ತ, ಪಾದ್ರಿ, ವಕೀಲ ಎಲ್ಲರ ಜೇಬಿನಲ್ಲೂ ಅದಿತ್ತು. 1820, 1830ರ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಯಂತ್ರಗಳು ಉಕ್ಕಿನ ನಿಬ್ಬುಗಳನ್ನು ರಾಶಿಗಟ್ಟಲೆ ತಯಾರಿಸತೊಡಗಿದ ಮೇಲೆ ಗರಿಯೂ ಹೋಯಿತು, ಅದನ್ನು ಕೆತ್ತುವ ಕೆಲಸವೂ ಹೋಯಿತು. ಹೆಸರು ಮಾತ್ರ ಉಳಿಯಿತು. ಕೆಲಸವಿಲ್ಲದ ಕುಶಲತೆ ಕೆಲವೊಮ್ಮೆ ಪ್ರದರ್ಶನಕ್ಕಿಳಿಯುತ್ತದೆ. ಷೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪೆನಿ 1822ರಲ್ಲಿ 1822 ಅಲಗುಗಳ ಒಂದು ಚಾಕುವನ್ನು ಮಾಡಿ ನಿಲ್ಲಿಸಿತು. ಅದನ್ನು ಯಾವ ಜೇಬಿಗೆ ಹಾಕಬೇಕೆಂದು ಯಾರೂ ಕೇಳಿದಂತಿಲ್ಲ.

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಪಾತ್ರವೂ ಒಂದಿದೆ. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಇಲ್ಲಿನ ಉಕ್ಕಿನ ಗಟ್ಟಿಗಳನ್ನು ಕಳುಹಿಸಿಕೊಟ್ಟ. ಅದನ್ನು ಅವರು ಕರೆದದ್ದು 'ವೂಟ್ಸ್' ಎಂದು. ಕನ್ನಡದ 'ಉಕ್ಕು' ಇಂಗ್ಲಿಷರ ಬಾಯಲ್ಲಿ, ಬರವಣಿಗೆಯಲ್ಲಿ ತಿರುಚಿಕೊಂಡು ಈ ರೂಪ ತಾಳಿತೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವ ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಮೇಲೆ ರಾಯಲ್ ಸೊಸೈಟಿಯಲ್ಲಿ ಒಂದು ಪ್ರಬಂಧ ಓದಿದ. ಅದರಲ್ಲೊಂದು ಸಂಗತಿ ಬರುತ್ತದೆ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್, ಬ್ಯಾಂಕ್ಸ್‌ನ ಇಚ್ಛೆಯಂತೆ, ಈ ಉಕ್ಕಿನ ತುಂಡನ್ನು ಬಡಿದು ಮಾಡಿದ್ದು ಕತ್ತಿಯನ್ನಲ್ಲ, ಒಂದು ಪೆನ್‌ನೈಫನ್ನು. ಬಡಿಯುವುದು ಬಲು ಕಷ್ಟವಾದರೂ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಉಕ್ಕಿಗಿಂತ ಇದು ಅನೇಕ ಕೆಲಸಗಳಿಗೆ ಮೇಲೆಂದು ಆತ ತೀರ್ಮಾನಿಸಿದ. ಆತ ಇದರಿಂದ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮಾಡಿ ಮಾರಿದ. ಮುಂದೆ ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ ಇದೇ ಸ್ಟೊಡಾರ್ಟ್‌ನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗಕ್ಕೆ ತೊಡಗಿ 1820 ಮತ್ತು 1822ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ. ವಿದ್ಯುತ್ತಿನ ಫ್ಯಾರಡೆಯನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಉಕ್ಕಿನ ಗುಟ್ಟು ಹುಡುಕಿದ ಫ್ಯಾರಡೆಯ ವಿಷಯ ನಮ್ಮ ಪಾಠಗಳಲ್ಲಿ ಬರುವುದಿಲ್ಲ.

ಆ ಗುಟ್ಟು ಇದ್ದದ್ದು ನಮ್ಮ ಬಯಲುಸೀಮೆಯ ಕುಲುಮೆಗಳಲ್ಲಿ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಮತ್ತು ಉಕ್ಕು ತಯಾರಿಸುವುದನ್ನು ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ಚೂರುಗಳನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಗೆ ತುಂಬಿ, ಬಾಯಿ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ಗಂಟೆಗಟ್ಟಲೆ ತಿದಿ ಒತ್ತುತ್ತಿದ್ದರು. ಕಡ್ಡಿಯಿಂದ ಬಂದ ಇಂಗಾಲ ಕಬ್ಬಿಣದಲ್ಲಿ ಕರಗಿ ಅದು ಉಕ್ಕಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ವಿಲಾಯಿತಿಯ ಅಗ್ಗದ ಉಕ್ಕು ಬಂದಿಳಿಯಿತು, ಇದ್ದಿಲಿಗೆ ಕಾಡು ಸಿಗದಾಯಿತು, ಕುಲುಮೆಗಳು ಒಂದೊಂದಾಗಿ ಆರಿದವು. ಉಕ್ಕಿನ ಹೆಸರನ್ನು ಕೊಟ್ಟ ನಾಡಿನವರು ಷೆಫೀಲ್ಡಿನ ಚಾಕುವನ್ನು ಮೆಚ್ಚಿ ಕೊಳ್ಳುವ ಕಾಲ ಬಂತು. ಆ ಚಾಕುಗಳಲ್ಲಿ ಒಳ್ಳೆಯವುಗಳ ಹಿಡಿ ಬಹಳ ಸಲ ನಮ್ಮ ಕಾಡಿನ ಕಡವೆಯ ಕೊಂಬಿನದೇ ಆಗಿರುತ್ತಿತ್ತು. ವನ್ಯಜೀವಿ ಕಾನೂನುಗಳು ಬಿಗಿಯಾದ ಮೇಲೆ ಆ ಕೊಂಬಿನ ರಫ್ತು ನಿಂತಿತು.

ಷೆಫೀಲ್ಡಿನಾಚೆ ಒಂದೊಂದು ಸೀಮೆಯ ಜನ ತಮ್ಮ ತಮ್ಮ ಕಸುಬಿಗೆ ತಕ್ಕ ಚಾಕು ಕಂಡುಕೊಂಡರು. ಫ್ರಾನ್ಸಿನ ಲಾಯೋಲ್ ಎಂಬ ಊರಿನ ಚಾಕು 1829ರಲ್ಲಿ ಹುಟ್ಟಿತು. ದನಗಾಹಿಗಳ ಸೀಮೆ ಅದು. ಹೊಟ್ಟೆಯುಬ್ಬರದಿಂದ ಸಾಯುವಂತಾದ ದನದ ಹೊಟ್ಟೆ ಚುಚ್ಚಿ ಗಾಳಿ ಬಿಡಲು ಚಾಕುವಿಗೆ ಒಂದು ದಬ್ಬಳ ಸೇರಿತು. ಅಲ್ಲಿಯ ಜನ ಪ್ಯಾರಿಸ್ಸಿಗೆ ಹೋಗಿ ಕಾಫಿ, ಮದ್ಯದಂಗಡಿ ಇಟ್ಟುಕೊಂಡಾಗ ಸೀಸೆಯ ಬಿರಡೆ ತೆಗೆಯುವ ತಿರುಪೂ ಸೇರಿತು. ಒಂದು ಸೀಮೆಯ ಜನ ಬದುಕು ಹುಡುಕಿಕೊಂಡು ಹೋದ ಕಥೆಯನ್ನು ಹೀಗೆ ಅವರ ಚಾಕುವಿನಲ್ಲೇ ಓದಬಹುದು.

ಸವಾಯ್ ಬೆಟ್ಟಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ರೈತರಿಗಾಗಿ ಒಂದು ಅಗ್ಗದ ಚಾಕು ಮಾಡಿದ. ಮರದ ದುಂಡು ಹಿಡಿ, ಅದರಲ್ಲೊಂದು ಸೀಳು, ಒಂದು ಅಲಗು, ಒಂದು ಲೋಹದ ಪಟ್ಟಿ. 1897ರಲ್ಲಿ 1ರಿಂದ 12ರವರೆಗೆ ಅಳತೆಯ ನಂಬರು ಕೊಟ್ಟ. ಕೈ ಎಷ್ಟು ದೊಡ್ಡದೋ ಅಷ್ಟು ದೊಡ್ಡ ನಂಬರು ಆರಿಸಿಕೊಳ್ಳಬಹುದಿತ್ತು. ಸ್ವಿಸ್ ಸೈನ್ಯದ ಕಥೆ ಬೇರೆ. 1889ರಲ್ಲಿ ಸೈನಿಕರಿಗೆ ಕೊಟ್ಟ ಹೊಸ ಬಂದೂಕನ್ನು ಬಿಚ್ಚಲು ತಿರುಪುಳಿ ಬೇಕಿತ್ತು, ಊಟದ ಡಬ್ಬ ತೆರೆಯಲೂ ಒಂದು ಸಾಧನ ಬೇಕಿತ್ತು. ಇಬಾಕ್ ಎಂಬ ಹಳ್ಳಿಯ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸತೊಡಗಿದ. 1897ರಲ್ಲಿ ಆತ ಎರಡೇ ಸ್ಪ್ರಿಂಗುಗಳ ಮೇಲೆ ಆರು ಸಾಧನಗಳನ್ನು ಕೂರಿಸಿದ. ಸೈನ್ಯದ ಚಾಕು ಎಂದೊಡನೆ ನಮಗೆ ಯುದ್ಧ ನೆನಪಾಗುತ್ತದೆ. ಆದರೆ ಅದರಲ್ಲಿದ್ದದ್ದು ಡಬ್ಬ ತೆರೆಯುವ ಕೊಕ್ಕೆ, ತಿರುಪುಳಿ, ರಂಧ್ರ ಕೊರೆಯುವ ಮೊನೆ, ಮತ್ತು ರೊಟ್ಟಿ ಕತ್ತರಿಸುವ ಒಂದು ಅಲಗು.

ಹಾಗಾದರೆ ಚಾಕು ಕೆಟ್ಟ ಹೆಸರು ಪಡೆದದ್ದು ಎಲ್ಲಿ? ನನ್ನ ಲೆಕ್ಕದಲ್ಲಿ ಮೂರು ಕಡೆ: ಉದ್ದದಲ್ಲಿ, ಬೀಗದಲ್ಲಿ, ಗುಂಡಿಯಲ್ಲಿ. ಅಲಗು ಅಂಗೈಗಿಂತ ಉದ್ದವಾದಾಗ ಅದರ ಗುರಿ ಹಣ್ಣಲ್ಲ. ಗುಂಡಿ ಒತ್ತಿದೊಡನೆ ಚಟ್ಟೆಂದು ತೆರೆಯಬೇಕಾದರೆ ಅವಸರ ಯಾವುದಕ್ಕೆಂದು ಕೇಳಬೇಕಾಗುತ್ತದೆ. ಸೀಬೆಹಣ್ಣು ಓಡಿಹೋಗುವುದಿಲ್ಲವಷ್ಟೆ.

ಇವೆಲ್ಲಕ್ಕೂ ನಮ್ಮಲ್ಲಿನ ಉದಾಹರಣೆ ಉತ್ತರ ಪ್ರದೇಶದ ರಾಂಪುರ. ನವಾಬರ ಆ ಊರಿನ ಕುಶಲಕರ್ಮಿಗಳು ಹಿತ್ತಾಳೆಯ ಹಿಡಿಗೆ ಕೆತ್ತನೆ ಮಾಡಿ, ಒಂಬತ್ತು ಹತ್ತು ಇಂಚಿನ ಅಲಗನ್ನು ಗುಂಡಿಯ ಸ್ಪ್ರಿಂಗಿಗೆ ಜೋಡಿಸಿದರು. ಹಿಂದಿ ಸಿನಿಮಾದ ಖಳನಾಯಕರು ಅದನ್ನು ದೇಶಕ್ಕೆಲ್ಲ ಪರಿಚಯಿಸಿದರು. 1990ರ ದಶಕದಲ್ಲಿ ರಾಜ್ಯ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸಿತು. ಕಸುಬು ಸೊರಗಿತು, ಚಾಕು ಬಜಾರಿನ ಅಂಗಡಿಗಳು ಬೆರಳೆಣಿಕೆಗೆ ಇಳಿದವು. 2023ರಲ್ಲಿ ಅದೇ ಊರಿನ ಒಂದು ವೃತ್ತದಲ್ಲಿ ಇಪ್ಪತ್ತು ಅಡಿ ಉದ್ದದ ಚಾಕುವಿನ ಪ್ರತಿಮೆ ನಿಲ್ಲಿಸಿದರು. ಕೈಯಲ್ಲಿ ಹಿಡಿಯಬಾರದಾದದ್ದನ್ನು ಕಂಬದ ಮೇಲೆ ನೋಡಬಹುದಾಯಿತು. ಸಿನಿಮಾದವರು ಮಾಡಿದ ಹೆಸರಿಗೆ ದಂಡ ತೆತ್ತವರು ಅಕ್ಕಸಾಲಿಗನಷ್ಟೇ ನವಿರಾಗಿ ಕೆಲಸ ಮಾಡುತ್ತಿದ್ದ ಆ ಬಡ ಕಮ್ಮಾರರು.

ಜಪಾನಿನಲ್ಲಿ ಆದದ್ದು ಇನ್ನೂ ವಿಚಿತ್ರ. ಹ್ಯೋಗೊ ಪ್ರಾಂತದ ಮಿಕಿ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಿಗೊನೊಕಾಮಿ ಎಂಬ ಚಾಕು ಹುಟ್ಟಿತು. ಮಡಿಸಿದ ತಗಡಿನ ಹಿಡಿ, ಒಂದು ಅಲಗು, ಹೆಬ್ಬೆರಳಿನಿಂದ ಒತ್ತಿಹಿಡಿಯಲು ಅಲಗಿನ ಬುಡದಲ್ಲಿ ಒಂದು ಪುಟ್ಟ ಬಾಲ. ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ರೋಮನ್ನರ ಚಾಕುವಿನ ತಮ್ಮನೆನ್ನಬಹುದು. ಶಾಲೆಯ ಹುಡುಗರು ಪೆನ್ಸಿಲ್ಲು ಕೆತ್ತುತ್ತಿದ್ದದ್ದು ಇದರಲ್ಲೇ. 1960ರ ಅಕ್ಟೋಬರಿನಲ್ಲಿ ಸಮಾಜವಾದಿ ಪಕ್ಷದ ಅಧ್ಯಕ್ಷ ಅಸಾನುಮ ಇನೆಜಿರೊ ಅವರನ್ನು ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೆಯೇ ಇರಿದು ಕೊಂದ. ಅವನ ಕೈಯಲ್ಲಿದ್ದದ್ದು ಖಡ್ಗ, ಚಾಕುವಲ್ಲ. ಆದರೆ ಆ ಬಳಿಕ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ಎದ್ದು ಹಿಗೊನೊಕಾಮಿ ಶಾಲೆಯ ಚೀಲಗಳಿಂದ ಮಾಯವಾಯಿತು. ಈಗ ಆ ಹೆಸರಿನಲ್ಲಿ ಮಾಡುವ ಹಳೆಯ ಮನೆತನ ಒಂದೇ ಉಳಿದಿದೆ.

ಬೀಗದ ಕಥೆ ಸ್ವಲ್ಪ ತೊಡಕಿನದು. 1955ರಲ್ಲಿ ಒಪಿನೆಲ್ ಮನೆತನದ ಮಾರ್ಸೆಲ್ ಆ ರೈತರ ಚಾಕುವಿಗೆ ಒಂದು ತಿರುಗುವ ಉಂಗುರ ಸೇರಿಸಿದ. ಉಂಗುರ ತಿರುಗಿಸಿದರೆ ತೆರೆದ ಅಲಗು ಮಡಚಿಕೊಳ್ಳದು. ಉದ್ದೇಶ ಬೆರಳಿನ ರಕ್ಷಣೆ. ಆದರೆ ಇಂಗ್ಲೆಂಡಿನ 1988ರ ಕಾಯ್ದೆ, ಮೂರು ಇಂಚು ಮೀರದ ಅಲಗಿನ ಮಡಚು ಚಾಕುವನ್ನು ಕಾರಣ ಕೇಳದೆ ಜೇಬಿನಲ್ಲಿಟ್ಟುಕೊಳ್ಳಲು ಬಿಟ್ಟಿತು. ಬೀಗವಿದ್ದರೆ ಅದು ಮಡಚು ಚಾಕುವೇ ಅಲ್ಲವೆಂದು ಮುಂದೆ ಅಲ್ಲಿನ ಕೋರ್ಟು ತೀರ್ಮಾನಿಸಿತು. ಬೆರಳು ಕಾಯಲು ಹಾಕಿದ ಉಂಗುರವೇ ಅಲ್ಲಿ ಅಪರಾಧದ ಗುರುತಾಗಬಹುದು. ತರ್ಕ ಮಾತ್ರ ತಪ್ಪೆನ್ನಲಾರೆ: ಅಲಗು ಬಿಗಿಯಾಗಿ ನಿಂತರೆ ಅದು ಒರೆಯ ಕತ್ತಿಯಂತೆಯೇ.

ನಮ್ಮ ಕಾನೂನು ಏನು ಹೇಳುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳು ಶಸ್ತ್ರವೆಂದು ಎಣಿಸುವುದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು. ಮನೆಗೆಲಸ, ಬೇಸಾಯ, ಕೈಗಾರಿಕೆಯ ಕತ್ತಿಗಳನ್ನು ಬಿಟ್ಟು. ದೆಹಲಿಯ ಆಡಳಿತ 1980ರಲ್ಲಿ ಇನ್ನೂ ಬಿಗಿಯಾದ ಒಂದು ಆದೇಶ ಹೊರಡಿಸಿತು. ಗುಂಡಿಯಿಂದ ಅಥವಾ ಗರಾರಿಯಿಂದ ತೆರೆಯುವ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಅದು ಅಪರಾಧವೆಂದಿತು. 7.62 ಸೆಂಟಿಮೀಟರೆಂದರೆ ಸರಿಯಾಗಿ ಮೂರು ಇಂಚು. ದೆಹಲಿಯೂ ಲಂಡನ್ನೂ ಬೇರೆ ಬೇರೆ ದಾರಿಯಿಂದ ಬಂದು ಅದೇ ಮೂರು ಇಂಚಿನಲ್ಲಿ ಭೇಟಿಯಾದವು. ನಾಲ್ಕು ಬೆರಳು ಜೋಡಿಸಿ ಅಳೆದರೆ ಹೆಚ್ಚುಕಡಿಮೆ ಅಷ್ಟೇ ಅಗಲ. 2001ರ ಸೆಪ್ಟೆಂಬರಿನ ಅಮೆರಿಕದ ದಾಳಿಗಳ ಮೇಲೆ ವಿಮಾನದೊಳಗೆ ಚಾಕು ಒಯ್ಯುವ ನಿಯಮಗಳಂತೂ ಬಹಳ ಬಿಗಿಯಾದವು. ವಿಮಾನ ನಿಲ್ದಾಣಗಳಲ್ಲಿ ಉಡುಗೊರೆಯಾಗಿ ಮಾರಾಟವಾಗುತ್ತಿದ್ದ ಸ್ವಿಸ್ ಚಾಕುವಿನ ವ್ಯಾಪಾರಕ್ಕೆ ಆಗ ದೊಡ್ಡ ಪೆಟ್ಟು ಬಿತ್ತು.

ಇಷ್ಟು ತಿಳಿದ ಮೇಲೆ ಆರಿಸುವುದು ಕಷ್ಟವಾಗಲಿಲ್ಲ. ಅಲಗು ಎರಡೂವರೆ ಇಂಚು. ಹಣ್ಣಿಗೂ ಹುರಿಗೂ ಅದು ಧಾರಾಳ. ಗುಂಡಿ ಬೇಡ, ಬೀಗ ಬೇಡ. ಬೆನ್ನಿನ ಸ್ಪ್ರಿಂಗು ಸಾಕು. ಕೊಳ್ಳುವಾಗ ನಾನು ನೋಡುವುದು ನಾಲ್ಕೇ ಸಂಗತಿ. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದರೆ ಸ್ಪ್ರಿಂಗಿಗೂ ಹಿಡಿಗೂ ನಡುವೆ ಬೆಳಕು ನುಸುಳಬಾರದು. ತೆರೆದ ಅಲಗನ್ನು ಅಕ್ಕಪಕ್ಕಕ್ಕೆ ಆಡಿಸಿದರೆ ಅಲುಗಬಾರದು. ಮಡಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಿರಬೇಕು, ಇಲ್ಲವಾದರೆ ಜೇಬಿಗೇ ತೂತು. ತೆರೆಯುವಾಗಲೂ ಮುಚ್ಚುವಾಗಲೂ ಸ್ಪ್ರಿಂಗು 'ಟಕ್' ಎಂದು ಖಚಿತವಾಗಿ ದನಿ ಮಾಡಬೇಕು.

ಉಕ್ಕಿನ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. 1913ರಲ್ಲಿ ಅದೇ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ಮಾಡಿದ. ಕರಾವಳಿಯವರಿಗೆ, ಮಲೆನಾಡಿನ ಮಳೆಯಲ್ಲಿ ಓಡಾಡುವವರಿಗೆ, ದಿನಾ ನಿಂಬೆ, ಮಾವು ಕುಯ್ಯುವವರಿಗೆ ಅದೇ ವಾಸಿ. ಬರೀ ಇಂಗಾಲದ ಹಳೆಯ ಬಗೆಯ ಉಕ್ಕು ಹುಳಿ ತಾಗಿದೊಡನೆ ಕಪ್ಪಾಗುತ್ತದೆ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರದಿದ್ದರೆ ಬೆಳಗಾಗುವುದರೊಳಗೆ ತುಕ್ಕು. ಆದರೆ ಅದು ಮನೆಯ ಸಾಣೆಕಲ್ಲಿಗೆ ಬೇಗ ಒಲಿಯುತ್ತದೆ; ಹತ್ತು ಸಲ ಆಚೆ, ಹತ್ತು ಸಲ ಈಚೆ ಎಳೆದರೆ ಹರಿತ ಮರಳುತ್ತದೆ. ಎಣ್ಣೆ ಸವರುವ ಪುರುಸೊತ್ತು ನನಗಿದೆ. ಮರದ ಹಿಡಿಯ, ಇಂಗಾಲದ ಉಕ್ಕಿನ ಒಂದೇ ಅಲಗಿನ ಚಾಕುವನ್ನು ಕೊಂಡೆ.

ಮಗಳಿಗೆ ನಾನು ಹೇಳಿದ್ದು ಇಷ್ಟೇ: ಇದನ್ನು ಹಿಡಿದವನು ಇದರಿಂದ ಮಾಡಲಾಗದ ಕೆಲಸವೊಂದಿದೆ, ಅದಕ್ಕೇ ಇದನ್ನು ಆರಿಸಿದೆ. ಅವಳು ಚಾಕುವನ್ನು ತೆರೆದು, ಬೆನ್ನಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದಳು. ಅಲಗು ಮಡಚಿಕೊಳ್ಳುವುದನ್ನು ಕಂಡು ಮತ್ತೇನೂ ಹೇಳಲಿಲ್ಲ.

ಕಳೆದ ತಿಂಗಳು ಮೊಮ್ಮಗಳಿಗೆ ಹನ್ನೆರಡು ತುಂಬಿತು. ಅವಳಿಗೂ ಇಂಥದ್ದೇ ಒಂದನ್ನು, ಎರಡಿಂಚಿನದನ್ನು, ತಂದಿದ್ದೆ. ಮುಚ್ಚುವಾಗ ಬೆರಳನ್ನು ಅಲಗಿನ ದಾರಿಯಲ್ಲಿ ಇಡಬಾರದು, ಅಂಗೈಯಿಂದ ಅದರ ಬೆನ್ನನ್ನು ಒತ್ತಬೇಕು ಎಂದು ಮೊದಲು ಕಲಿಸಿದೆ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದೆಂದು ನಮ್ಮಲ್ಲಿ ಹಿರಿಯರು ಕೆಳಗಿಟ್ಟು ಕೊಡುತ್ತಾರೆ. ಫ್ರಾನ್ಸಿನವರು ಚಾಕುವನ್ನು ಉಡುಗೊರೆ ಕೊಟ್ಟರೆ ಸ್ನೇಹ ಕತ್ತರಿಸದಿರಲೆಂದು ಒಂದು ನಾಣ್ಯ ಕೇಳಿ ಪಡೆಯುತ್ತಾರಂತೆ. ನಾನು ಎರಡನ್ನೂ ಮಾಡಿದೆ. ಚಾಕುವನ್ನು ಮಡಚಿ ಮೇಜಿನ ಮೇಲಿಟ್ಟೆ. ಅವಳ ಹುಂಡಿಯಿಂದ ಒಂದು ರೂಪಾಯಿ ವಸೂಲು ಮಾಡಿಕೊಂಡೆ.